ಸರಾಸರಿ ಮಗು ಎಲ್ಲಿದೆ?

ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಸರಾಸರಿ ಅಂದರೆ ಪಂಚಪ್ರಾಣ. ಕನ್ನಡ ಶಾಲೆಯಲ್ಲೇ ಕಲಿತ ಲೆಕ್ಕ ಅದು: ಕೂಡು, ಭಾಗಿಸು, ಮುಗಿಯಿತು. ಆದರೆ ಬೆಳೆಯುವ ಮಕ್ಕಳ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಹೇಗೆ ಅಂತೀರಾ?

ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳಿ. 12ನೇ ವಯಸ್ಸಿನಲ್ಲಿ ಒಬ್ಬ ವರ್ಷಕ್ಕೆ 9 ಸೆಂಟಿಮೀಟರ್ ಬೆಳೆದ, ಇನ್ನೊಬ್ಬ 5. 14ರಲ್ಲಿ ಅದು ಅದಲು ಬದಲಾಯಿತು. ಸರಾಸರಿ ತೆಗೆದರೆ ಎರಡು ವಯಸ್ಸಿಗೂ 7. ಹಾಗೆ ಬೆಳೆದವನು ಇಬ್ಬರಲ್ಲಿ ಒಬ್ಬನೂ ಇಲ್ಲ!

ಇದಕ್ಕೆ ಸಂಖ್ಯಾಶಾಸ್ತ್ರದವರು ಕಂಡುಕೊಂಡ ದಾರಿ ಸರಳ. ಮೊದಲು ಪ್ರತಿ ಮಗುವಿಗೂ ಅದರದೇ ರೇಖೆ ಎಳೆಯಬೇಕು. ಆ ರೇಖೆ ಎಲ್ಲಿ ಶುರುವಾಯಿತು, ಎಷ್ಟು ವೇಗದಲ್ಲಿ ಏರಿತು, ಯಾವ ವಯಸ್ಸಿನಲ್ಲಿ ತಿರುಗಿತು ಎಂಬ ಎರಡು ಮೂರು ಸಂಖ್ಯೆ ತೆಗೆದು, ಆಮೇಲೆ ಅವನ್ನು ಹೋಲಿಸಬೇಕು. ಒಂದೇ ಮಗುವಿನ ಹತ್ತು ಅಳತೆಗಳನ್ನು ಹತ್ತು ಮಕ್ಕಳ ಅಳತೆಯಂತೆ ಎಣಿಸಬಾರದು. ಈ ತಿಂಗಳ ತೂಕಕ್ಕೂ ಮುಂದಿನ ತಿಂಗಳ ತೂಕಕ್ಕೂ ನಂಟಿರುತ್ತದಲ್ಲ! ಬೆಳವಣಿಗೆಯ ರೇಖೆಗಳನ್ನು ಹೋಲಿಸುವ ಬಗೆಯನ್ನು ಕುರಿತು 1958ರಲ್ಲಿ ಹೆಸರಾಂತ ಲೇಖನ ಬರೆದವರು ಸಿ. ಆರ್. ರಾವ್. 1920ರಲ್ಲಿ ಅವರು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ.

ಇದರಿಂದ ಏನು ಉಪಯೋಗ? ನಾವಿರುವ ದೆಹಲಿಯಲ್ಲೇ ಉತ್ತರವಿದೆ. 1969ರಿಂದ 1972ರವರೆಗೆ ದಕ್ಷಿಣ ದೆಹಲಿಯಲ್ಲಿ ಹುಟ್ಟಿದ ಮಕ್ಕಳನ್ನು ಮೂರರಿಂದ ಆರು ತಿಂಗಳಿಗೊಮ್ಮೆ ವರ್ಷಗಟ್ಟಲೆ ಅಳೆದು ಬರೆದಿಟ್ಟರು. ಅವರಲ್ಲಿ 1,492 ಮಂದಿಯನ್ನು 26ರಿಂದ 32ರ ಪ್ರಾಯದಲ್ಲಿ ಮತ್ತೆ ಪರೀಕ್ಷಿಸಿದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಶೇಕಡಾ 4.4 ಮಂದಿಗೆ ಸಕ್ಕರೆ ಕಾಯಿಲೆ, ಶೇಕಡಾ 10.8 ಮಂದಿ ಅದರ ಹೊಸ್ತಿಲಲ್ಲಿ.

ಇವರ ಹಳೆಯ ರೇಖೆಗಳು ಏನು ಹೇಳಿದವು? ಎರಡು ವರ್ಷದವರೆಗೆ ಇವರು ಸಾಮಾನ್ಯವಾಗಿ ತೆಳ್ಳಗಿದ್ದವರು. ಎತ್ತರಕ್ಕೆ ಹೋಲಿಸಿದ ತೂಕ ಎಳೆತನದ ನಂತರ ಇಳಿದು ಮತ್ತೆ ಏರುವುದು ಎಲ್ಲ ಮಕ್ಕಳಲ್ಲೂ ಉಂಟು. ಇವರಲ್ಲಿ ಆ ತಿರುವು ಬೇಗ ಬಂತು, ಏರಿಕೆಯೂ ಜೋರಾಗಿತ್ತು. ಆದರೂ 12ನೇ ವಯಸ್ಸಿನಲ್ಲಿ ಇವರಲ್ಲಿ ಒಬ್ಬರೂ ಬೊಜ್ಜಿನವರ ಪಟ್ಟಿಗೆ ಸೇರಿರಲಿಲ್ಲ. ಅಂದು ಒಮ್ಮೆ ಮಾತ್ರ ತಕ್ಕಡಿಗೆ ಹತ್ತಿಸಿದ್ದರೆ, "ಮಗು ಚೆನ್ನಾಗಿದೆ" ಅಂತ ಮನೆಗೆ ಕಳಿಸುತ್ತಿದ್ದರು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇವತ್ತಿನ ಬಾಕಿಯೊಂದನ್ನೇ ನೋಡಿ ಅಂಗಡಿ ಏಳುತ್ತಿದೆಯೋ ಮುಳುಗುತ್ತಿದೆಯೋ ಹೇಳಲಾಗದು. ಖಾತೆಯ ಹಿಂದಿನ ಪುಟಗಳೂ ಬೇಕು. ವರ್ಗಾವಣೆಯಾದಾಗಲೆಲ್ಲ ಊರು ಬದಲಿಸುವ ದೆಹಲಿ ಕನ್ನಡಿಗರ ಮನೆಗಳಲ್ಲಿ ಮಕ್ಕಳ ತೂಕದ ಕಾರ್ಡು ರದ್ದಿಗೆ ಹೋಗುವುದು ಸುಲಭ. ದಯವಿಟ್ಟು ಅದನ್ನು ಪಾತ್ರೆ ಪಗಡದ ಜೊತೆಗೇ ಕಟ್ಟಿಕೊಳ್ಳಿ. ಹೊಸ ಊರಿನ ಡಾಕ್ಟರು ಕೇಳದಿದ್ದರೂ ತೋರಿಸಿ.