ಸಿಂಹ ಹೈನ್‌ರಿಶ್‌ನ ವಂಶಾವಳಿಯಲ್ಲಿ ಸ್ತ್ರೀಮೂಲದ ಉತ್ತರಾಧಿಕಾರ

ಹನ್ನೆರಡನೆಯ ಶತಮಾನದ ಜರ್ಮನಿಯ ಚರಿತ್ರೆಯಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನೊಡನೆ ತಪ್ಪದೆ ಕೇಳಿಬರುವ ಹೆಸರು ವೆಲ್ಫ್ ಮನೆತನದ ಹೈನ್‌ರಿಶ್‌ನದು (ಸು. 1130–1195). ‘ಸಿಂಹ’ನೆಂದು ಪ್ರಸಿದ್ಧನಾದ ಈತ ಸ್ಯಾಕ್ಸನಿ ಹಾಗೂ ಬವೇರಿಯಾಗಳೆರಡಕ್ಕೂ ಡ್ಯೂಕನಾಗಿದ್ದನು. ಈತನ ಏಳುಬೀಳುಗಳನ್ನು ಅರಿಯಲು ಗಂಡುಸಂತತಿಯ ವಂಶಾವಳಿಯೊಂದೇ ಸಾಲದು. ಮನೆತನದ ಹೆಣ್ಣುಮಕ್ಕಳ ಮೂಲಕ ಬಂದ ಭೂಮಿ ಮತ್ತು ನೆಂಟಸ್ತಿಕೆಗಳನ್ನೂ ಪರಿಶೀಲಿಸುವುದು ಅವಶ್ಯಕ.

ಹೈನ್‌ರಿಶ್‌ನ ತಂದೆ ‘ಗರ್ವಿಷ್ಠ’ ಹೈನ್‌ರಿಶ್; ತಾಯಿ ಗೆರ್ಟ್ರೂಡ್, ಚಕ್ರವರ್ತಿ ಮೂರನೆಯ ಲೋಥಾರ್ ಮತ್ತು ರಿಶೆನ್ಜಾ ದಂಪತಿಗಳ ಮಗಳು. 1138ರಲ್ಲಿ ದೊರೆ ಮೂರನೆಯ ಕೊನ್ರಾಡ್ ತಂದೆಯ ಎರಡೂ ಡ್ಯೂಕ್ ಪದವಿಗಳನ್ನು ಕಸಿದುಕೊಂಡನು. ಮರುವರ್ಷವೇ ತಂದೆ ತೀರಿಕೊಂಡನು. ಆಗ ಬಾಲಕನ ಹಕ್ಕಿನ ಪರವಾಗಿ ಸ್ಯಾಕ್ಸನಿಯಲ್ಲಿ ನಿಂತವಳು ಅಜ್ಜಿ ರಿಶೆನ್ಜಾ. 1142ರಲ್ಲಿ ಸ್ಯಾಕ್ಸನಿ ಮರಳಿ ದೊರೆಯಿತು. 1156ರಲ್ಲಿ ಬವೇರಿಯಾವನ್ನು ಹಿಂದಿರುಗಿಸಿದ ಬಾರ್ಬರೋಸ ಹೈನ್‌ರಿಶ್‌ಗೆ ಸೋದರತ್ತೆಯ ಮಗನಾಗಿದ್ದನು.

ವಿವಾಹಗಳೂ ಇದೇ ರಾಜಕಾರಣದ ಅಂಗಗಳೇ. ಮೊದಲ ಪತ್ನಿ ಸೇರಿಂಗೆನ್ ಮನೆತನದ ಕ್ಲೆಮೆಂಟಿಯಾಳೊಡನೆ ಆದ ಮದುವೆಯನ್ನು 1162ರಲ್ಲಿ ರಕ್ತಸಂಬಂಧದ ಕಾರಣ ಮುಂದೊಡ್ಡಿ ರದ್ದುಪಡಿಸಲಾಯಿತು. 1168ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯ ಮಗಳು ಮಟಿಲ್ಡಾಳನ್ನು ಹೈನ್‌ರಿಶ್ ವರಿಸಿದನು. ವಧುವಿಗೆ ಆಗ ಹನ್ನೆರಡರ ಆಸುಪಾಸು; ವರನಿಗೆ ನಲವತ್ತರ ಸಮೀಪ.

ಈ ಸಂಬಂಧಗಳ ಬೆಲೆ ತಿಳಿದುಬಂದದ್ದು ಪತನಕಾಲದಲ್ಲಿ. 1176ರಲ್ಲಿ ಬಾರ್ಬರೋಸನ ಇಟಲಿಯ ಯುದ್ಧಕ್ಕೆ ನೆರವು ನಿರಾಕರಿಸಿದ ಹೈನ್‌ರಿಶ್ 1180ರಲ್ಲಿ ಎರಡೂ ಡ್ಯೂಕ್ ಪದವಿಗಳನ್ನು ಕಳೆದುಕೊಂಡನು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಡ್ಯೂಕ್ ಪದವಿ ಅರಸನಿಂದ ಬಂದ ಉಂಬಳಿ; ಅದನ್ನು ಅರಸ ಹಿಂಪಡೆಯಬಹುದಿತ್ತು. ಮನೆತನದ ಸ್ವಂತ ಭೂಮಿಯ ಸ್ವರೂಪ ಬೇರೆ. 1181ರ ಶರಣಾಗತಿಯ ಬಳಿಕ ಹೈನ್‌ರಿಶ್‌ಗೆ ಉಳಿದದ್ದು ಬ್ರೌನ್‌ಶ್ವೈಗ್ ಮತ್ತು ಲೂನೆಬುರ್ಗ್ ಸುತ್ತಲಿನ ಇಂಥ ಭೂಮಿ. ಬ್ರೌನ್‌ಶ್ವೈಗ್ ರಿಶೆನ್ಜಾಳ ತಾಯಿಯ ಮನೆತನದಿಂದಲೂ, ಲೂನೆಬುರ್ಗ್ ತಂದೆಯ ತಾಯಿ ವುಲ್ಫ್‌ಹಿಲ್ಡಳ ತವರಾದ ಬಿಲ್ಲುಂಗ್ ಮನೆತನದಿಂದಲೂ ಬಂದಂಥವು. 1182ರಿಂದ 1185ರವರೆಗಿನ ಗಡೀಪಾರಿನಲ್ಲಿ ಆಶ್ರಯವಿತ್ತವನು ಮಾವ ಹೆನ್ರಿ.

ಹೆಲ್ಮಾರ್ಸ್‌ಹೌಸೆನ್ ಮಠದಲ್ಲಿ ಹೈನ್‌ರಿಶ್‌ಗಾಗಿ ಸಿದ್ಧವಾದ ಸುವಾರ್ತಾ ಹಸ್ತಪ್ರತಿಯ ಪಟ್ಟಾಭಿಷೇಕ ಚಿತ್ರವು ಈ ದೃಷ್ಟಿಯಿಂದ ಮಹತ್ವದ ಆಕರ. ಸ್ವರ್ಗದಿಂದ ಚಾಚಿದ ಕೈಗಳು ಹೈನ್‌ರಿಶ್–ಮಟಿಲ್ಡಾರಿಗೆ ಕಿರೀಟ ತೊಡಿಸುತ್ತಿವೆ. ಹೈನ್‌ರಿಶ್‌ನ ಹಿಂದೆ ತಂದೆತಾಯಿ, ಲೋಥಾರ್ ಮತ್ತು ರಿಶೆನ್ಜಾ. ಮಟಿಲ್ಡಾಳ ಹಿಂದೆ ದೊರೆ ಹೆನ್ರಿ ಹಾಗೂ ಆತನ ತಾಯಿ ಮಟಿಲ್ಡಾ ನಿಂತಿದ್ದಾರೆ. ವೆಲ್ಫ್ ಪೂರ್ವಜರಲ್ಲಿ ತಂದೆಯ ಹೊರತು ಮತ್ತಾರಿಗೂ ಇಲ್ಲಿ ಸ್ಥಾನವಿಲ್ಲ. ಕೃತಿಯ ಕಾಲವನ್ನು ಕೆಲವು ವಿದ್ವಾಂಸರು ಪತನಪೂರ್ವದ 1170ರ ದಶಕವೆಂದೂ ಕೆಲವರು ಸು. 1188 ಎಂದೂ ನಿರ್ಣಯಿಸಿದ್ದಾರೆ. ಮೊದಲಿನ ಕಾಲವನ್ನು ಒಪ್ಪಿದರೆ ಚಿತ್ರವು ಪ್ರಬಲ ಡ್ಯೂಕನ ಘೋಷಣೆಯಾಗುತ್ತದೆ. ಎರಡನೆಯದನ್ನು ಒಪ್ಪಿದರೆ ಪದವಿ ಕಳೆದುಕೊಂಡವನು ಕುಲಗೌರವವನ್ನು ಸ್ಮರಿಸಿಕೊಂಡ ದಾಖಲೆಯಾಗುತ್ತದೆ. ಕಾಲನಿರ್ಣಯ ಬದಲಾದಂತೆ ಅರ್ಥವೂ ಬದಲಾಗುವುದಕ್ಕೆ ಇದು ಉತ್ತಮ ನಿದರ್ಶನ.

ಮುಂದಿನ ತಲೆಮಾರಿನಲ್ಲಿಯೂ ಇದೇ ಕ್ರಮ ಮುಂದುವರಿಯಿತು. ಹಿರಿಯ ಮಗ ಹೈನ್‌ರಿಶ್ ಪತ್ನಿ ಆಗ್ನೆಸ್‌ಳ ಮೂಲಕ ರೈನ್ ಪ್ರಾಂತ್ಯದ ಒಡೆತನ ಪಡೆದನು. ಸೋದರಮಾವ ರಿಚರ್ಡ್‌ನ ಆಸರೆಯಲ್ಲಿ ಬೆಳೆದ ಒಟ್ಟೊ 1209ರಲ್ಲಿ ಚಕ್ರವರ್ತಿಯಾದನು. ಗಡೀಪಾರಿನ ಕಾಲದಲ್ಲಿ, 1184ರಲ್ಲಿ, ವಿಂಚೆಸ್ಟರ್‌ನಲ್ಲಿ ಜನಿಸಿದ ವಿಲ್ಹೆಲ್ಮ್‌ನ ಮಗನಿಗೆ 1235ರಲ್ಲಿ ಅದೇ ಸ್ವಂತ ಭೂಮಿಯ ಆಧಾರದ ಮೇಲೆ ಬ್ರೌನ್‌ಶ್ವೈಗ್–ಲೂನೆಬುರ್ಗ್ ಡ್ಯೂಕ್ ಪದವಿ ಲಭಿಸಿತು. ಹೀಗೆ ಗಂಡುಸಂತತಿಯ ಹೆಸರಿನಲ್ಲಿ ಉಳಿದ ವೆಲ್ಫ್ ಪರಂಪರೆಗೆ ನೆಲೆಯೊದಗಿಸಿದ್ದು ಹೆಣ್ಣುಮಕ್ಕಳು ತಂದ ಉತ್ತರಾಧಿಕಾರವೆಂಬುದು ಸ್ಪಷ್ಟವಾಗುತ್ತದೆ.