ವಾರಂಟಿ ಕಾಗದ ಮತ್ತು ಹಳೆಯ ದೋಷ

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಒಂದಿಷ್ಟು ಅಡಿಕೆ, ಅದರ ಮೇಲಿನ ಗುಡ್ಡದಲ್ಲಿ ಒಂದಿಷ್ಟು ಕಾಫಿ, ಮರಕ್ಕೆ ಹಬ್ಬಿದ ನಾಲ್ಕು ಮೆಣಸಿನ ಬಳ್ಳಿ, ಇಷ್ಟೇ ಆಸ್ತಿ. ಇಂಥವರ ಅಂಗಳಕ್ಕೂ ಈಗ ಕಾರೋ ಜೀಪೋ ಪಿಕಪ್ಪೋ ಬಂದು ನಿಂತಿದೆ. ಅದು ಡೌಲಿಗೆ ಬಂದದ್ದಲ್ಲ. ಕೊಯ್ಲಿನ ದಿನಗಳಲ್ಲಿ ಕೆಲಸದವರನ್ನು ಕರೆತರಬೇಕು, ಮೂಟೆಗಳನ್ನು ಸಂಘಕ್ಕೆ ಮುಟ್ಟಿಸಬೇಕು, ಮಳೆಗಾಲದ ನಡುರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆ ಸೇರಿಸಬೇಕು. ಹೀಗೆ ಅವಶ್ಯಕತೆಗಾಗಿ ಸಾಲ ಮಾಡಿ ಕೊಂಡ ವಾಹನದ ಗೇರ್‌ಬಾಕ್ಸು ಕೈಕೊಟ್ಟಿತೆಂದರೆ ಆ ವರ್ಷದ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ಆದ್ದರಿಂದಲೇ ವಿಸ್ತರಿತ ವಾರಂಟಿ ಎಂಬ ಕಾಗದಕ್ಕೆ ನಮ್ಮವರು ಹಣ ಕೊಡುವುದು ಹೆಚ್ಚುತ್ತಿದೆ.

ಇದರ ಜೊತೆಗೇ ಒಂದು ಪ್ರಶ್ನೆಯೂ ಸಂಘದ ಕಚೇರಿಯ ಜಗಲಿಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ವಾಹನದಲ್ಲಿ ಏನೋ ದೋಷವಿದೆಯೆಂದು ಮಾಲೀಕನಿಗೆ ಗೊತ್ತು. ಅದನ್ನು ಬಾಯಿಬಿಡದೆ ಈಗ ವಾರಂಟಿ ಕೊಂಡು, ನಾಲ್ಕು ತಿಂಗಳು ಬಿಟ್ಟು ದುರಸ್ತಿಯ ಖರ್ಚನ್ನು ಕಂಪೆನಿಯ ತಲೆಗೆ ಕಟ್ಟಿದರೆ ಅದು ಜಾಣತನವೋ, ಮೋಸವೋ? ಇದನ್ನು ಕುರಿತು ಸದಸ್ಯರೊಡನೆ ನಾಲ್ಕು ಮಾತು ಆಡುವುದು ಯೋಗ್ಯವೆಂದು ನಮಗೆ ತೋರಿದೆ.

ವಾರಂಟಿ ಎಂದರೇನು?

ಹೊಸ ವಾಹನದೊಡನೆ ತಯಾರಕರು ಕೊಡುವ ಭರವಸೆಯೇ ಮೂಲ ವಾರಂಟಿ. ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್, ಯಾವುದು ಮೊದಲು ಮುಗಿಯುವುದೋ ಅಲ್ಲಿಯವರೆಗೆ, ತಯಾರಿಕೆಯ ದೋಷದಿಂದ ಕೆಟ್ಟ ಭಾಗಗಳನ್ನು ಹಣ ತೆಗೆದುಕೊಳ್ಳದೆ ಸರಿಪಡಿಸಿಕೊಡುತ್ತೇವೆಂಬ ಮಾತು ಅದು. ಉದಾಹರಣೆಗೆ ಮಾರುತಿ ಸುಜುಕಿ ಕಂಪೆನಿಯು 2024ರ ಜುಲೈ ತಿಂಗಳಲ್ಲಿ ತನ್ನ ಮೂಲ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ. ಇದ್ದದ್ದನ್ನು 3 ವರ್ಷ ಅಥವಾ 1,00,000 ಕಿ.ಮೀ.ಗೆ ಏರಿಸಿತು. ಈ ಅವಧಿ ತೀರಿದ ಮೇಲೂ ಕೆಲವು ವರ್ಷ ಅದೇ ರಕ್ಷಣೆ ಬೇಕೆನ್ನುವವರು ಬೇರೆ ಹಣ ಕೊಟ್ಟು ಪಡೆಯುವುದೇ ವಿಸ್ತರಿತ ವಾರಂಟಿ. ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವ ಮುನ್ನವೇ ಇದನ್ನು ಕೊಳ್ಳಬೇಕು. ಅವಧಿ ದಾಟಿದ ವಾಹನಕ್ಕೋ ಹಳೆಯ ವಾಹನಕ್ಕೋ ಕೊಡುವುದಾದರೆ ಮೊದಲು ತಪಾಸಣೆ ಮಾಡುತ್ತಾರೆ.

ಎಂಜಿನ್ನು, ಗೇರ್‌ಬಾಕ್ಸು, ಸ್ಟಿಯರಿಂಗು ಮುಂತಾದ ದೊಡ್ಡ ಭಾಗಗಳು ಇದರಲ್ಲಿ ಸೇರುತ್ತವೆ. ಬಳಕೆಯಿಂದ ಸವೆಯುವ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ವೈಪರು, ಟಯರುಗಳು ಸಾಮಾನ್ಯವಾಗಿ ಸೇರುವುದಿಲ್ಲ. ನಮ್ಮ ಕಡೆಯವರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೆಂದರೆ, ಕೊಟ್ಟಿಗೆಯಲ್ಲಿ ನಿಂತ ಕಾರಿನ ವೈರನ್ನು ಇಲಿ ಕಡಿದರೆ, ತುಂಬಿದ ಹಳ್ಳ ದಾಟಿಸುವಾಗ ಎಂಜಿನ್ನಿಗೆ ನೀರು ನುಗ್ಗಿದರೆ, ಮಿತಿಮೀರಿ ಮೂಟೆ ಹೇರಿ ಘಾಟಿ ಹತ್ತಿಸಿದ್ದರಿಂದ ಏನಾದರೂ ಮುರಿದರೆ, ಅದು ತಯಾರಿಕೆಯ ದೋಷವಲ್ಲ. ಅಂಥದ್ದಕ್ಕೆ ವಾರಂಟಿ ಒದಗುವುದಿಲ್ಲ.

ಹೇಳದೆ ಉಳಿದದ್ದು ಮೋಸವೇ?

ಕಾನೂನಿನ ಪುಸ್ತಕ ಈ ಪ್ರಶ್ನೆಗೆ ನಾವೆಣಿಸಿದಷ್ಟು ಸರಳವಾದ ಉತ್ತರ ಕೊಡುವುದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ವಂಚನೆಯ ಬಗ್ಗೆ ಹೇಳುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆ ಕುದುರೆಯದು. ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಅದರ ರೋಗದ ವಿಷಯ ಎತ್ತದೆ ಸುಮ್ಮನಿದ್ದರೆ, ಅಷ್ಟರಿಂದಲೇ ವಂಚನೆಯಾಗುವುದಿಲ್ಲ. ಆದರೆ ಕೊಳ್ಳುವವನು, ನೀವು ಇಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ ಎಂದಾಗಲೂ ಮಾರುವವನು ಬಾಯಿ ಬಿಡದಿದ್ದರೆ, ಆ ಮೌನವೇ ಮಾತಿಗೆ ಸಮ. ಗೊತ್ತಿದ್ದ ಸಂಗತಿಯನ್ನು ಬೇಕೆಂದೇ ಮುಚ್ಚಿಟ್ಟರಂತೂ ಅದು ವಂಚನೆಯೇ. ವಾರಂಟಿಯ ಅರ್ಜಿಯಲ್ಲಿ ‘ವಾಹನ ಸುಸ್ಥಿತಿಯಲ್ಲಿದೆ’ ಎಂಬ ಸಾಲಿನ ಕೆಳಗೆ ರುಜು ಹಾಕುವವನು ಎರಡನೆಯ ಕುದುರೆಯ ಮಾಲೀಕನ ಜಾಗದಲ್ಲಿ ನಿಂತಿರುತ್ತಾನೆ.

ವಿಮೆಯ ವಿಷಯದಲ್ಲಿ ಕಟ್ಟಳೆ ಇನ್ನೂ ಬಿಗಿ. ಅದರ ಮೂಲ ಮೊಕದ್ದಮೆ ಮೆಣಸು ಬೆಳೆಯುವ ನಮಗೆ ಕುತೂಹಲದ್ದು. ಸುಮಾತ್ರಾ ದ್ವೀಪದ ಬೆಂಕೂಲನ್‌ನಲ್ಲಿ ಮೆಣಸಿನ ವ್ಯಾಪಾರಕ್ಕಾಗಿ ಈಸ್ಟ್ ಇಂಡಿಯಾ ಕಂಪೆನಿಯವರು ಕಟ್ಟಿದ್ದ ಮಾರ್ಲ್‌ಬರೋ ಕೋಟೆಯಿತ್ತು. ಶತ್ರುಗಳು ಅದನ್ನು ಹಿಡಿದರೆ ಪರಿಹಾರ ಸಿಗುವಂತೆ ಅಲ್ಲಿನ ಗವರ್ನರ್ ಜಾರ್ಜ್ ಕಾರ್ಟರ್ ವಿಮೆ ಮಾಡಿಸಿದ್ದ. 1760ರಲ್ಲಿ ಫ್ರೆಂಚರು ಕೋಟೆಯನ್ನು ಹಿಡಿದೇ ಬಿಟ್ಟರು. ಕೋಟೆ ದುರ್ಬಲವಾಗಿತ್ತು, ದಾಳಿಯ ಸಂಭವವಿತ್ತು, ಇದನ್ನು ನಮಗೆ ತಿಳಿಸಲಿಲ್ಲವೆಂದು ವಿಮೆ ಕೊಟ್ಟಿದ್ದ ಬೋಮ್ ಎಂಬಾತ ಹಣ ನಿರಾಕರಿಸಿದ. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೊಟ್ಟ ತೀರ್ಪಿಗೆ ಎರಡು ಅಲಗು. ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಮುಚ್ಚಿಟ್ಟು ಎದುರಿನವನನ್ನು ಕರಾರಿಗೆ ಎಳೆಯಬಾರದು, ಈ ನಿಯಮ ಎರಡು ಪಕ್ಷಕ್ಕೂ ಅನ್ವಯ ಎಂಬುದು ಒಂದು. ವಿಮೆ ಕೊಡುವವನು ತಾನೇ ವಿಚಾರಿಸಿ ತಿಳಿಯಬಹುದಾಗಿದ್ದ ಸಂಗತಿಯನ್ನು, ನಷ್ಟವಾದ ಮೇಲೆ ಹೇಳಲಿಲ್ಲವೆಂದು ನೆಪ ಮಾಡಬಾರದು ಎಂಬುದು ಇನ್ನೊಂದು. ಗೆದ್ದವನು ಕಾರ್ಟರನೇ.

ಎಲ್ಲ ವಿಸ್ತರಿತ ವಾರಂಟಿಯೂ ಕಾನೂನಿನ ಅರ್ಥದಲ್ಲಿ ವಿಮೆಯಲ್ಲ. ಆದರೂ ಅದರ ಸ್ವಭಾವ ವಿಮೆಯದೇ. ಹಲವರು ಕೊಟ್ಟ ಹಣದಲ್ಲಿ ಕೆಲವರ ದುರಸ್ತಿ ನಡೆಯಬೇಕು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೂ ಕಾಳುಮೆಣಸಿಗೂ ನೋಂದಣಿಗೆ ಕೊನೆಯ ದಿನಾಂಕ ಇಡುವುದೇಕೆ? ಮಳೆಗಾಲದ ರೀತಿ ನೋಡಿಕೊಂಡು, ನಷ್ಟ ಖಚಿತವಾದ ಮೇಲೆ ಹಣ ಕಟ್ಟುವವರೇ ತುಂಬಿದರೆ ವಿಮೆ ನಿಲ್ಲಲಾರದು. ವಾರಂಟಿಗೂ ಇದೇ ಮಾತು.

ನಷ್ಟ ಯಾರದು?

ಕಂಪೆನಿಗೆ ಕೋಟಿಗಟ್ಟಲೆ ವ್ಯಾಪಾರ, ನನ್ನದೊಂದು ಗೇರ್‌ಬಾಕ್ಸಿನಿಂದ ಅದಕ್ಕೇನು ಕೊರೆ ಎನ್ನುವವರಿದ್ದಾರೆ. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅವರಿಗೆ 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನವೂ ಬಂತು. ಅವರ ವಾದ ಇಷ್ಟು: ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ತಿಳಿಯದಿದ್ದಾಗ ಕೊಳ್ಳುವವನು ಎಲ್ಲದಕ್ಕೂ ಬೆಲೆ ತಗ್ಗಿಸುತ್ತಾನೆ. ಆಗ ಒಳ್ಳೆಯ ಕಾರಿನವನು ಮಾರುಕಟ್ಟೆಗೆ ಬರುವುದನ್ನೇ ಬಿಡುತ್ತಾನೆ, ಕೆಟ್ಟದ್ದು ಮಾತ್ರ ಉಳಿಯುತ್ತದೆ. ಅದೇ ಪ್ರಬಂಧದಲ್ಲಿ ನಮ್ಮ ದೇಶದ ಉದಾಹರಣೆಯೂ ಇದೆ. ಅಕ್ಕಿಯ ಬಣ್ಣದ್ದೇ ಕಲ್ಲನ್ನು ಬೇಕೆಂದೇ ಬೆರೆಸಿ ಮಾರುವುದರಿಂದ ಭಾರತದ ಗೃಹಿಣಿ ಅಕ್ಕಿ ಆರಿಸುತ್ತ ಕೂರಬೇಕಾಗುತ್ತದೆ ಎಂದು ಅವರು ಬರೆದಿದ್ದಾರೆ.

ಇದು ನಮಗೆ ಹೊಸದೇನಲ್ಲ. ರಾಶಿ ಅಡಿಕೆಯ ಚೀಲದ ತಳದಲ್ಲಿ ಗೊರಬಲು ತುಂಬಿ ತಂದರೆ ಏನಾಗುತ್ತದೆಂದು ಪ್ರತಿ ಬೆಳೆಗಾರನಿಗೂ ಗೊತ್ತು. ಆ ದಿನ ಒಬ್ಬನಿಗೆ ನಾಲ್ಕು ಕಾಸು ಹೆಚ್ಚು ಸಿಗಬಹುದು. ಮರುವಾರದಿಂದ ವ್ಯಾಪಾರಿ ಆ ಊರಿನ ಚೀಲವನ್ನೆಲ್ಲ ಬುಡಸಮೇತ ಸುರಿದು ನೋಡುತ್ತಾನೆ, ದರದಲ್ಲೂ ಕೈ ಹಿಡಿಯುತ್ತಾನೆ. ಸರಿಯಾಗಿ ಒಣಗದ ಚೆರ್ರಿಯನ್ನು ಮೂಟೆಗೆ ತುಂಬಿದವನದೂ ಇದೇ ಕಥೆ. ವಾರಂಟಿಯಲ್ಲೂ ಹಾಗೆಯೇ. ಸುಳ್ಳು ಬೇಡಿಕೆಗಳು ಹೆಚ್ಚಿದಷ್ಟೂ ಮುಂದಿನ ವರ್ಷ ಕಾಗದದ ಬೆಲೆ ಏರುತ್ತದೆ, ನಿಬಂಧನೆ ಬಿಗಿಯಾಗುತ್ತದೆ, ಪ್ರಾಮಾಣಿಕನ ನಿಜವಾದ ಬೇಡಿಕೆಯನ್ನೂ ಅನುಮಾನದಿಂದ ನೋಡುತ್ತಾರೆ. ದಂಡ ತೆರುವವನು ಕಂಪೆನಿಯ ಯಜಮಾನನಲ್ಲ, ಮುಂದಿನ ವರ್ಷ ವಾರಂಟಿ ಕೊಳ್ಳುವ ಇನ್ನೊಬ್ಬ ಬೆಳೆಗಾರ.

ದೋಷ ಹಳೆಯದಾದರೆ ಸಾಕೇ?

ಇಷ್ಟು ಹೇಳಿ ನಿಲ್ಲಿಸಿದರೆ ಅದು ಕಂಪೆನಿಗಳ ಪರವಾದ ಉಪದೇಶವಾದೀತು. ಇನ್ನೊಂದು ಮಗ್ಗುಲೂ ಇದೆ. ಬೇಡಿಕೆ ಹೋದೊಡನೆ ‘ಇದು ಮೊದಲಿನಿಂದಲೇ ಇದ್ದ ದೋಷ’ ಎಂದು ಕೈ ತೊಳೆದುಕೊಳ್ಳುವವರೂ ಉಂಟು. ಇಂಥ ಉತ್ತರಕ್ಕೆ ಸದಸ್ಯರು ಹೆದರಬೇಕಾಗಿಲ್ಲ. ಯೋಚಿಸಿ ನೋಡಿ, ತಯಾರಿಕೆಯ ದೋಷವೆಂದರೆ ಕಾರ್ಖಾನೆಯಿಂದ ಹೊರಡುವಾಗಲೇ ಒಳಗಿದ್ದ ದೋಷ. ಅದು ಹಳೆಯದಾಗಿರಲೇಬೇಕು. ಹಳೆಯದೆಂಬ ಒಂದೇ ಕಾರಣಕ್ಕೆ ನಿರಾಕರಿಸುವುದಾದರೆ ವಾರಂಟಿ ಇರುವುದಾದರೂ ಯಾತಕ್ಕೆ? ಆದುದರಿಂದ ಕೇಳಬೇಕಾದ ಪ್ರಶ್ನೆ ದೋಷದ ವಯಸ್ಸಿನದಲ್ಲ. ಕಾಗದ ಕೊಳ್ಳುವ ದಿನ ಮಾಲೀಕನಿಗೆ ಏನು ಗೊತ್ತಿತ್ತು, ಅದನ್ನು ಅವನು ಮುಚ್ಚಿಟ್ಟನೇ ಎಂಬುದು.

ಈ ಅಳತೆಗೋಲಿನಲ್ಲಿ ಮೂರು ಬಗೆಯನ್ನು ನಾವು ಗುರುತಿಸುತ್ತೇವೆ. ದೋಷ ಒಳಗಿತ್ತು, ಮಾಲೀಕನಿಗೆ ಗೊತ್ತಿರಲಿಲ್ಲ, ವಾರಂಟಿ ಕೊಂಡ ಮೇಲೆ ಬಯಲಾಯಿತು: ಇಲ್ಲಿ ಧೈರ್ಯವಾಗಿ ಕೇಳಬಹುದು, ಅದು ಹಕ್ಕು. ದೋಷವಿದೆಯೆಂದು ಮೆಕ್ಯಾನಿಕ್ಕನಿಂದಲೇ ಖಚಿತಪಡಿಸಿಕೊಂಡು, ಅದನ್ನು ಅಡಗಿಸಿ ಕಾಗದ ಕೊಂಡದ್ದು: ಇದು ಮೋಸ, ಬೇರೆ ಹೆಸರು ಬೇಡ. ಗಟ್ಟಿ ಎಣ್ಣೆ ಹಾಕಿ ಸದ್ದು ಅಡಗಿಸುವುದು, ಕಿಲೋಮೀಟರ್ ಮೀಟರಿನ ತಂತಿ ಕಳಚುವುದು ಎಲ್ಲ ಇದೇ ಸಾಲಿನವು. ಮೂರನೆಯದು ಇವೆರಡರ ನಡುವಿನದು. ಇಳಿಜಾರಿನಲ್ಲಿ ಏನೋ ಸದ್ದು ಬರುತ್ತಿದೆ, ಕಾರಣ ಗೊತ್ತಿಲ್ಲ. ಗೊತ್ತಾಗುವುದು ಬೇಡವೆಂದೇ ಗ್ಯಾರೇಜಿಗೆ ಒಯ್ಯದೆ ಇರುವುದೂ ಒಂದು ಬಗೆಯ ಮುಚ್ಚಿಡುವಿಕೆಯೇ. ಹೀಗೊಂದು ಸದ್ದಿದೆ, ನೋಡಿ ಹೇಳಿ ಎಂದರೆ ಮುಗಿಯಿತು. ನೋಡಿ, ಏನಿಲ್ಲವೆಂದು ಬರೆದುಕೊಟ್ಟು ಹಣ ಪಡೆದವರು ನಾಳೆ ಹಿಂದೆ ಸರಿಯುವುದು ಸುಲಭವಲ್ಲ.

ಮೂಲ ವಾರಂಟಿ ಇನ್ನೂ ಜಾರಿಯಲ್ಲಿರುವವರಿಗೆ ಈ ಧರ್ಮಸಂಕಟವೇ ಇಲ್ಲ. ಮುಂದಿನ ತಿಂಗಳು ಅವಧಿ ಮುಗಿಯುವ ಕಾರಿನ ಗೇರ್‌ಬಾಕ್ಸು ಸದ್ದು ಮಾಡುತ್ತಿದ್ದರೆ, ಅದನ್ನು ಈಗಲೇ ತೋರಿಸಬೇಕು. ತಯಾರಿಕೆಯ ದೋಷವಾದರೆ ದುರಸ್ತಿ ಬಿಟ್ಟಿ. ಇಂದು ನ್ಯಾಯವಾಗಿ ಸಿಗುವುದನ್ನು ಬಚ್ಚಿಟ್ಟುಕೊಂಡು, ಹಣ ಕೊಟ್ಟು ಕೊಂಡ ಕಾಗದದ ಮೇಲೆ ನಾಳೆ ಅನ್ಯಾಯವಾಗಿ ಕೇಳುವುದರಲ್ಲಿ ಜಾಣತನವೂ ಇಲ್ಲ. ಆದರೆ ಹಳೆಯ ಜೀಪು ಕೊಂಡು, ಯಾವ ವಾರಂಟಿಯೂ ಇಲ್ಲದೆ, ಈಗ ಎಂಜಿನ್ ಹೊಗೆ ಉಗುಳುತ್ತಿರುವವನ ಪಾಡು ಬೇರೆ. ನಿಜ ಹೇಳಿದರೆ ಅವನಿಗೆ ಕಾಗದ ಸಿಗುವುದು ಕಷ್ಟ, ಖರ್ಚು ಅವನ ಮೇಲೆಯೇ ಬೀಳುತ್ತದೆ. ಪ್ರಾಮಾಣಿಕತೆಗೆ ಅಲ್ಲಿ ನಿಜವಾದ ಬೆಲೆಯಿದೆ. ಅದನ್ನು ತೆರಲೇಬೇಕೆಂದು ಹೇಳುವುದು ನಮಗೆ ಸುಲಭ, ತೆರುವವನಿಗೆ ಕಷ್ಟ ಎಂಬುದನ್ನು ನಾವು ಬಲ್ಲೆವು. ಆದರೂ ಹೇಳುತ್ತೇವೆ. ಆ ಜೀಪನ್ನು ಅವನಿಗೆ ಮಾರಿದವನು ಹೊಗೆಯ ವಿಷಯ ಮುಚ್ಚಿಟ್ಟಿದ್ದರೆ ಅವನು ಏನೆನ್ನುತ್ತಿದ್ದನೋ, ಅದೇ ಮಾತು ಅವನಿಗೂ ಸಲ್ಲುತ್ತದೆ.

ಸದಸ್ಯರ ಗಮನಕ್ಕೆ

1. ವಾರಂಟಿ ಕೊಳ್ಳುವ ಮುನ್ನ ಯಾವ ಭಾಗ ಸೇರಿದೆ, ಯಾವುದು ಸೇರಿಲ್ಲ ಎಂಬ ಪಟ್ಟಿಯನ್ನು ಕೇಳಿ ಪಡೆದು ಓದಬೇಕು. ಇಂಗ್ಲಿಷ್ ತೊಡಕಾದರೆ ಮನೆಯ ಮಕ್ಕಳಿಂದಲಾದರೂ ಓದಿಸಿ ಕೇಳಬೇಕು.

2. ಮೂಲ ವಾರಂಟಿ ಮುಗಿಯುವ ಒಂದೆರಡು ತಿಂಗಳ ಮೊದಲೇ ವಾಹನವನ್ನು ಪೂರ್ತಿ ತಪಾಸಣೆ ಮಾಡಿಸಬೇಕು. ಹೇಳಿದ ದೂರನ್ನೆಲ್ಲ ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಪಡೆಯಬೇಕು. ಅವಧಿಯೊಳಗೆ ದೂರು ಕೊಟ್ಟದ್ದಕ್ಕೆ ಅದೇ ಸಾಕ್ಷಿ.

3. ಸರ್ವೀಸನ್ನು ಹೇಳಿದ ಕಾಲಕ್ಕೆ, ಹೇಳಿದ ಕಡೆಯೇ ಮಾಡಿಸಿ ರಸೀದಿ ಇಟ್ಟುಕೊಳ್ಳಬೇಕು. ಸರ್ವೀಸು ತಪ್ಪಿದೆಯೆಂಬ ಕಾರಣಕ್ಕೆ ಬೇಡಿಕೆ ತಿರಸ್ಕಾರವಾಗುವುದುಂಟು.

4. ಅರ್ಜಿಯನ್ನು ಏಜೆಂಟನಿಗೆ ಬರೆಯಲು ಬಿಟ್ಟು ಖಾಲಿ ಕಾಗದಕ್ಕೆ ರುಜು ಹಾಕಬಾರದು. ಅವನು ಬರೆದ ಸುಳ್ಳು ನಮ್ಮದಾಗುತ್ತದೆ.

5. ವಾಹನ ಮಾರುವಾಗ ಗೊತ್ತಿರುವ ದೋಷಗಳನ್ನು ಕೊಳ್ಳುವವರಿಗೆ ತಿಳಿಸಿ, ಒಂದು ಚೀಟಿಯಲ್ಲಿ ಬರೆದು ಇಬ್ಬರೂ ರುಜು ಹಾಕಬೇಕು. ಹಲವು ವಾರಂಟಿಗಳು ಹೊಸ ಮಾಲೀಕರ ಹೆಸರಿಗೆ ವರ್ಗವಾಗುತ್ತವೆ, ವಿಚಾರಿಸಿಕೊಳ್ಳಬೇಕು.

6. ನ್ಯಾಯವಾದ ಬೇಡಿಕೆಯನ್ನು ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. ಆಮೇಲೂ ಬಗೆಹರಿಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು. 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಅಗತ್ಯ ಕಂಡರೆ ಕೆಟ್ಟ ಭಾಗವನ್ನು ಪರೀಕ್ಷೆಗೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ.

ಜಾಬ್ ಕಾರ್ಡು, ರಸೀದಿ, ವಾರಂಟಿ ಕಾಗದ ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿ, ಪಹಣಿಯ ಪ್ರತಿಗಳ ಜೊತೆ ಒಣಗಿದ ಜಾಗದಲ್ಲಿ ಇಡುವುದು ಮೇಲು. ಮಳೆಗಾಲದ ಗೆದ್ದಲಿಗೂ ಬೂಸ್ಟಿಗೂ ಯಾವ ಕಂಪೆನಿಯ ವಾರಂಟಿಯೂ ಇಲ್ಲ.