144 ಜೀವ ಹೋಯ್ತು, ಗುಡ್ಡ ತೆಗೆಯೋ ಖರ್ಚೂ ಅವರ ಮೇಲೇ!

ಗಣಿ ದುರಂತ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಏನು ಬರುತ್ತೆ? ಭೂಮಿಯ ಆಳದಲ್ಲಿ ಸಿಕ್ಕಿಹಾಕಿಕೊಂಡ ಕಾರ್ಮಿಕರು. ಮೇಲೆ ಕಾಯುತ್ತಾ ನಿಂತ ಹೆಂಡತಿ, ಮಕ್ಕಳು. ಆದರೆ ಇವತ್ತು ನಾನು ಹೇಳ್ತಿರೋ ಕಥೆ ಪೂರ್ತಿ ಉಲ್ಟಾ. ಅಪ್ಪಂದಿರು ಗಣಿಯ ಒಳಗೆ ಸೇಫಾಗಿದ್ದರು. ಸತ್ತದ್ದು ಶಾಲೆಯಲ್ಲಿ ಕೂತಿದ್ದ ಮಕ್ಕಳು.

ಬ್ರಿಟನ್‌ನ ವೇಲ್ಸ್ ಪ್ರಾಂತ್ಯದಲ್ಲಿ ಅಬರ್‌ಫ್ಯಾನ್ ಅನ್ನೋ ಪುಟ್ಟ ಊರು. 1966ರ ಅಕ್ಟೋಬರ್ 21, ಶುಕ್ರವಾರ. ಮಧ್ಯಂತರ ರಜೆಗೆ ಮುಂಚಿನ ಕೊನೆಯ ದಿನ. ಬೆಳಿಗ್ಗೆ ಸುಮಾರು 9 ಗಂಟೆ 15 ನಿಮಿಷ. ಪ್ಯಾಂಟ್‌ಗ್ಲಾಸ್ ಪ್ರಾಥಮಿಕ ಶಾಲೆಯ ಮಕ್ಕಳು ಆಗಷ್ಟೇ ತರಗತಿಗೆ ಬಂದು ಕೂತಿದ್ದಾರೆ. ಊರಿನ ಮೇಲೆ ದಟ್ಟ ಮಂಜು. ಏನೋ ಗುಡುಗಿದಂಥ ಸದ್ದು. ಅಷ್ಟೇ. ಬೆಟ್ಟದ ಮೇಲಿದ್ದ ಗಣಿ ತ್ಯಾಜ್ಯದ ರಾಶಿ ಕರಗಿ, ಕಪ್ಪು ಕೆಸರಿನ ಪ್ರವಾಹವಾಗಿ ಶಾಲೆಯ ಮೇಲೆ, ಪಕ್ಕದ ಮನೆಗಳ ಮೇಲೆ ನುಗ್ಗಿಬಿಟ್ಟಿತು. ಗಣಿಯಿಂದ ಎದ್ದು ಬಂದ ಕಾರ್ಮಿಕರು ತಮ್ಮ ಮಕ್ಕಳನ್ನು ತಾವೇ ಅಗೆದು ಹುಡುಕಿದರು. ಬೆಳಿಗ್ಗೆ 11ರ ನಂತರ ಒಂದೇ ಒಂದು ಜೀವವೂ ಉಳಿದು ಬರಲಿಲ್ಲ. ಸತ್ತವರು 144 ಮಂದಿ. ಅದರಲ್ಲಿ 116 ಮಕ್ಕಳು!

ಇದು ದೇವರು ಮಾಡಿದ್ದಾ? ಪ್ರಕೃತಿ ವಿಕೋಪನಾ? ಅಲ್ಲ. ಇಲ್ಲಿ ಸ್ವಲ್ಪ ಗಮನ ಕೊಡಿ.

ಕಲ್ಲಿದ್ದಲು ತೆಗೆದ ಮೇಲೆ ಉಳಿಯೋ ಕಲ್ಲು, ಮಣ್ಣು, ರಾಡಿಯನ್ನು ಎಲ್ಲೋ ಸುರಿಯಲೇಬೇಕು. ಅಲ್ಲಿ ಊರಿನ ನೆತ್ತಿಯ ಮೇಲೇ ಸುರಿದರು. ಹೀಗೆ ಏಳು ರಾಶಿ ಎದ್ದವು. ಏಳನೆಯದನ್ನು 1958ರಲ್ಲಿ ಶುರು ಮಾಡಿದರು, ಅದೂ ನೀರಿನ ಒರತೆಯ ಮೇಲೆ! ಆ ಒರತೆ ಭೂಪಟದಲ್ಲೇ ಇತ್ತು. ಕೆಳಗಿಂದ ಒರತೆ, ಮೇಲಿಂದ ಮಳೆ. ನೀರು ಕುಡಿದ ರಾಶಿ ಎಷ್ಟು ದಿನ ನಿಲ್ಲುತ್ತೆ? ಈ ಶಾಲೆಯ ಹಿಂದೆ ರಾಡಿ ಸುರೀತಿದ್ದಾರೆ, ಅಪಾಯ ಇದೆ ಅಂತ ಸ್ಥಳೀಯ ಆಡಳಿತದ ಎಂಜಿನಿಯರ್ 1963ರಲ್ಲೇ ಪತ್ರ ಬರೆದಿದ್ದರು. ದುರಂತಕ್ಕೆ ಮೂರು ವರ್ಷ ಮೊದಲು!

ಗಣಿ ಯಾರದ್ದು? ಸರ್ಕಾರಿ ಸಂಸ್ಥೆ ನ್ಯಾಷನಲ್ ಕೋಲ್ ಬೋರ್ಡ್‌ದು. ಅದರ ಅಧ್ಯಕ್ಷ ಲಾರ್ಡ್ ರಾಬೆನ್ಸ್, ಒರತೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ ಅನ್ನೋ ಮಾತಾಡಿದರು. ನ್ಯಾಯಮೂರ್ತಿ ಎಡ್ಮಂಡ್ ಡೇವಿಸ್ ನೇತೃತ್ವದ ವಿಚಾರಣಾ ಮಂಡಳಿ 76 ದಿನ ಕೂತು, 136 ಸಾಕ್ಷಿಗಳ ಮಾತು ಕೇಳಿ 1967ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಹೊಣೆ ಕೋಲ್ ಬೋರ್ಡ್‌ದೇ ಅಂತ ನೇರವಾಗಿ ಹೇಳಿತು. ಆಮೇಲೆ ಏನಾಯ್ತು? ಯಾರೂ ಜೈಲಿಗೆ ಹೋಗಲಿಲ್ಲ. ಯಾರ ಕೆಲಸವೂ ಹೋಗಲಿಲ್ಲ. ಅಧ್ಯಕ್ಷರು ರಾಜೀನಾಮೆ ಕೊಡ್ತೀನಿ ಅಂದರು, ಸರ್ಕಾರ ಬೇಡ ಅಂತು!

ಒಂದು ಮಗುವಿನ ಜೀವಕ್ಕೆ ಬೋರ್ಡ್ ಕೊಟ್ಟ ಪರಿಹಾರ 500 ಪೌಂಡ್. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಜಗತ್ತಿನಾದ್ಯಂತ ಜನ ಮರುಗಿ ಕಳಿಸಿದ ಹಣದಿಂದ ಒಂದು ನಿಧಿ ಆಗಿತ್ತು, ಸುಮಾರು 17.5 ಲಕ್ಷ ಪೌಂಡ್. ಬೆಟ್ಟದ ಮೇಲೆ ಇನ್ನೂ ಉಳಿದಿದ್ದ ರಾಶಿಗಳನ್ನು ತೆಗೀರಿ, ನಮಗೆ ನಿದ್ದೆ ಬರ್ತಿಲ್ಲ ಅಂತ ಊರವರು ಬೇಡಿಕೊಂಡರು. ಪೂರ್ತಿ ಖರ್ಚು ಕೊಡೋಕೆ ಬೋರ್ಡ್ ಒಪ್ಪಲಿಲ್ಲ. ಕೊನೆಗೆ ಆ ನಿಧಿಯಿಂದಲೇ 1.5 ಲಕ್ಷ ಪೌಂಡ್ ಕಿತ್ತುಕೊಂಡರು. ಅಂದರೆ ಮಕ್ಕಳನ್ನು ಕೊಂದ ಕಸ ಎತ್ತೋಕೆ, ಮಕ್ಕಳನ್ನು ಕಳಕೊಂಡವರ ಹಣ! ನ್ಯಾಯನಾ ಇದು?

ಆ ಹಣ ವಾಪಸ್ ಬಂದದ್ದು 1997ರಲ್ಲಿ, ಸುಮಾರು ಮೂರು ದಶಕದ ನಂತರ. ಒಂದು ಪೈಸೆ ಬಡ್ಡಿ ಇಲ್ಲ. 2007ರಲ್ಲಿ ವೇಲ್ಸ್ ಸರ್ಕಾರ ಸ್ಮಾರಕ ನಿಧಿಗೆ 15 ಲಕ್ಷ ಪೌಂಡ್ ಕೊಟ್ಟ ಮೇಲೆ ಲೆಕ್ಕ ಒಂದಿಷ್ಟು ಸರಿಹೋಯ್ತು.

ಇವತ್ತು ಶಾಲೆ ಇದ್ದ ಜಾಗದಲ್ಲಿ ಸ್ಮಾರಕ ಉದ್ಯಾನ ಇದೆ. ಬೆಟ್ಟದ ಇಳಿಜಾರಿನ ಸ್ಮಶಾನದಲ್ಲಿ ಸಾಲಾಗಿ ಬಿಳಿ ಕಮಾನುಗಳು. ಕೆಳಗೆ ಮಕ್ಕಳ ಹೆಸರು. 2016ರಲ್ಲಿ ದುರಂತಕ್ಕೆ 50 ವರ್ಷ ತುಂಬಿದಾಗ ಬೆಳಿಗ್ಗೆ 9 ಗಂಟೆ 15 ನಿಮಿಷಕ್ಕೆ ಇಡೀ ವೇಲ್ಸ್ ಒಂದು ನಿಮಿಷ ಮೌನವಾಗಿ ನಿಂತಿತು. ಇಂಥ ರಾಶಿಗಳ ಸುರಕ್ಷತೆಗೆ ಅಂತಲೇ 1969ರಲ್ಲಿ ಬ್ರಿಟನ್ ಕಾನೂನು ತಂದಿತು. ನನ್ನ ಪ್ರಕಾರ ಅದೂ ಒಂದು ಸ್ಮಾರಕವೇ.

ಮರಣ ವಿಚಾರಣೆಯಲ್ಲಿ ಸಾವಿನ ಕಾರಣ ಉಸಿರುಗಟ್ಟಿದ್ದು ಅಂತ ಓದಿದಾಗ ಒಬ್ಬ ತಂದೆ ಎದ್ದು ನಿಂತರು. ಹಾಗೆ ಬರೀಬೇಡಿ, ಕೋಲ್ ಬೋರ್ಡ್ ಜೀವಂತ ಹೂತುಹಾಕಿತು ಅಂತ ಬರೀರಿ ಅಂದರು.

ನಾವು ಟಿವಿಯವರು ಏನು ಮಾಡ್ತೀವಿ? ಸತ್ತವರ ಸಂಖ್ಯೆ ಹೇಳ್ತೀವಿ, ಪರಿಹಾರದ ಮೊತ್ತ ಹೇಳ್ತೀವಿ, ಮುಂದಿನ ಬ್ರೇಕಿಂಗ್ ನ್ಯೂಸ್‌ಗೆ ಹೋಗ್ತೀವಿ. ನೀವೂ ಚಾನೆಲ್ ಬದಲಾಯಿಸ್ತೀರಿ. ಮುಂದಿನ ಸಲ ಪರಿಹಾರ ಎಷ್ಟು ಅಂತ ಕೇಳೋ ಮೊದಲು, ಎಚ್ಚರಿಕೆಯ ಪತ್ರ ಯಾರ ಟೇಬಲ್ ಮೇಲೆ ಕೂತಿತ್ತು ಅಂತ ಕೇಳೋಣ. ಆ ತಂದೆ ಕೇಳಿದ್ದೂ ಅಷ್ಟೇ, ಕಾರಣ ಸರಿಯಾಗಿ ಬರೀರಿ ಅಂತ.